ಅತಿಥಿಯ ಬಚ್ಚಲ ನೀರು ಯಾರ ಬಾವಿಗೆ?

ಕಾಫಿ ಹಣ್ಣು ಪಲ್ಪ್ ಮಾಡಿದ ನೀರನ್ನು ಹಳ್ಳಕ್ಕೆ ಬಿಡಬಾರದೆಂಬುದು ಈಗ ನಮ್ಮ ಸದಸ್ಯರಿಗೆಲ್ಲ ತಿಳಿದ ಸಂಗತಿ. ಒಂದು ಕಾಲದಲ್ಲಿ ಕೊಯ್ಲು ಸುರುವಾಯಿತೆಂದರೆ ಹಳ್ಳದ ನೀರು ಕಂದುಬಣ್ಣಕ್ಕೆ ತಿರುಗಿ, ಹುಳಿ ವಾಸನೆ ಹೊಡೆದು, ಮೀನು ಸತ್ತು ತೇಲುತ್ತಿದ್ದುದನ್ನು ಹಿರಿಯರು ಬಲ್ಲರು. ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟೀಸು, ಕಾಫಿ ಬೋರ್ಡಿನವರ ತಿಳಿವಳಿಕೆ, ಕೆಳಗಿನ ಊರಿನವರ ಜಗಳ ಎಲ್ಲ ಸೇರಿ ನಾವು ಹೊಂಡ ತೋಡುವುದನ್ನು ಕಲಿತೆವು. ಕಲಿಯಲು ಮೂವತ್ತು ವರ್ಷ ಬೇಕಾಯಿತು, ಆ ಮಾತು ಬೇರೆ. ಆದರೆ ಅದೇ ನಾವು ತೋಟದ ಮನೆಯ ಪಕ್ಕ ನಾಲ್ಕು ಕೋಣೆ ಕಟ್ಟಿ ‘ಹೋಂಸ್ಟೇ’ ಎಂದು ಬೋರ್ಡು ಹಾಕಿದಾಗ, ಆ ಕೋಣೆಗಳ ಬಚ್ಚಲಿನಿಂದ ವರ್ಷವಿಡೀ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿಕೊಂಡವರು ಕಡಿಮೆ. ನಾನಂತೂ ಕೇಳಿಕೊಂಡಿರಲಿಲ್ಲ.

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಸಣ್ಣ ಕಣಿವೆ. ಗುಡ್ಡದ ಇಳುಕಲಿನಲ್ಲಿ ಕಾಫಿ, ಕೆಳಗೆ ಹಳ್ಳದ ಎರಡು ದಂಡೆಗೆ ಅಡಿಕೆ. ಹಳ್ಳ ಮುಂದೆ ಹೋಗಿ ತುಂಗೆಯನ್ನು ಸೇರುತ್ತದೆ. ಮೇಲಿನವನ ಕಾಫಿ ತೋಟದಿಂದ ಇಳಿದದ್ದೆಲ್ಲ ಕೆಳಗಿನವನ ಅಡಿಕೆ ತೋಟಕ್ಕೇ ಬರಬೇಕು. ಗೊಬ್ಬರವಾದರೂ ಸರಿ, ಹೊಲಸಾದರೂ ಸರಿ. ನನ್ನ ಹಿಡುವಳಿ ಆರು ಎಕರೆಯಷ್ಟು. ಕೊಳೆರೋಗದಲ್ಲಿ ಅಡಿಕೆ ಅರ್ಧಕ್ಕರ್ಧ ಉದುರಿ, ಕಾಫಿಯ ಬೆಲೆಯೂ ಕೈಕೊಟ್ಟ ಒಂದು ವರ್ಷ, ಮಗಳ ಓದಿನ ಖರ್ಚಿಗೆ ದಾರಿ ಕಾಣದೆ 2017ರಲ್ಲಿ ನಾಲ್ಕು ಕೋಣೆ ಎಬ್ಬಿಸಿದೆ. ಸುಳ್ಳು ಹೇಳಬಾರದು, ಆ ಕೋಣೆಗಳೇ ನಮ್ಮನ್ನು ಉಳಿಸಿದವು. ಆದ್ದರಿಂದ ಹೋಂಸ್ಟೇ ನಡೆಸಬಾರದೆಂದು ಉಪದೇಶ ಮಾಡಲು ಈ ಲೇಖನ ಬರೆಯುತ್ತಿಲ್ಲ.

ಕೋಣೆ ಕಟ್ಟಿದ ಮೇಸ್ತ್ರಿ ಶೌಚದ ಗುಂಡಿಯನ್ನು ಮನೆಯ ಕೆಳಗಿನ ಬದಿಗೆ ತೋಡಿದ. “ಇಳಿಜಾರು ಚೆನ್ನಾಗುಂಟು, ನೀರು ತಾನಾಗಿ ಇಂಗ್ತದೆ” ಎಂದ. ನನಗೂ ಅದು ಅನುಕೂಲವೆಂದೇ ಕಂಡಿತು. ಐದು ವರ್ಷ ಏನೂ ತಿಳಿಯಲಿಲ್ಲ. 2022ರ ಜುಲೈಯಲ್ಲಿ, ಮಳೆ ಜೋರು ಹಿಡಿದಿದ್ದ ಒಂದು ಬೆಳಿಗ್ಗೆ, ಕೆಳಗಿನ ಅಡಿಕೆ ತೋಟದವರು ಕೊಪ್ಪೆ ಹೊದ್ದು ಅಂಗಳಕ್ಕೆ ಬಂದರು. ಎಪ್ಪತ್ತು ದಾಟಿದ ಹಿರಿಯರು. ಕಾಫಿ ಕುಡಿದು, ಮಳೆಯ ಮಾತು, ಕೊಳೆ ಔಷಧಿಯ ಮಾತು ಎಲ್ಲ ಮುಗಿಸಿ ಎದ್ದು ನಿಂತ ಮೇಲೆ ಹೇಳಿದರು: “ಮಾರಾಯ್ರೇ, ನಮ್ಮ ಬಾವಿ ನೀರು ಯಾಕೋ ಸೋಪಿನ ವಾಸನೆ ಬರ್ತದೆ. ಮೊಮ್ಮಗೂಗೆ ಎರಡು ಸಲ ಭೇದಿ ಆಯ್ತು. ನಿಮ್ಮ ಕಡೆ ಒಂದು ಸಲ ನೋಡಿ.”

ಅಷ್ಟೇ. ಜಗಳ ಮಾಡಿದ್ದರೆ ನಾನೂ ಜಗಳ ಮಾಡಿ ಮರೆಯುತ್ತಿದ್ದೆನೋ ಏನೋ.

ಗ್ರಾಮ ಪಂಚಾಯತಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಸಣ್ಣ ಸೀಸೆಗಳು ಸಿಗುತ್ತವೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದಿಂದ ಬರುವ ಸೂಕ್ಷ್ಮಜೀವಿಗಳಿರುವ ನೀರು ಕಪ್ಪಾಗುತ್ತದೆ. ಅವರ ಬಾವಿಯ ನೀರು ಮರುದಿನಕ್ಕೇ ಕಪ್ಪಾಯಿತು. ಟೇಪು ಹಿಡಿದು ಅಳೆದರೆ ನನ್ನ ಗುಂಡಿಗೂ ಅವರ ಬಾವಿಗೂ ಇದ್ದ ಅಂತರ 42 ಅಡಿ. ಅದೂ ಇಳಿಜಾರಿನಲ್ಲಿ.

ಗುಂಡಿಯ ಲೆಕ್ಕ

ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಎಂದರೆ ಸುಮಾರು 60 ಅಡಿ ದೂರವಿರಬೇಕೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮ ಹೇಳುತ್ತದೆ. ಇದು ಇಡೀ ದೇಶಕ್ಕೆಂದು ಮಾಡಿದ ಲೆಕ್ಕ. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಕಡೆ 60 ಅಡಿ ಸಾಲದೆಂದೇ ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಸೆಪ್ಟಿಕ್ ತೊಟ್ಟಿಯೊಳಗೆ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ತಳದ ಬಗ್ಗಡವನ್ನು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕರಗಿಸುತ್ತವೆ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ನಡೆಯುವ ಕೆಲಸವೇ ಇಲ್ಲಿಯೂ ನಡೆಯುವುದು. ಆದರೆ ಹೊರಗೆ ಹೋಗುವ ನೀರು ಶುದ್ಧವಾದದ್ದಲ್ಲ, ರೋಗಾಣುಗಳು ಅದರಲ್ಲಿ ಇದ್ದೇ ಇರುತ್ತವೆ. ಅದನ್ನು ಸೋಸಿ ಶುದ್ಧ ಮಾಡುವುದು ಇಂಗುಗುಂಡಿಯ ಸುತ್ತಲಿನ ಮಣ್ಣು. ಮಣ್ಣಿನ ಕಣಗಳ ನಡುವೆ ಗಾಳಿ ಆಡುತ್ತಿದ್ದರೆ ಮಾತ್ರ ಆ ಕೆಲಸ ಸರಿಯಾಗಿ ಆಗುತ್ತದೆ. ಜೂನ್ ಕಳೆದು ಗುಡ್ಡದ ಮಣ್ಣೆಲ್ಲ ನೀರು ಕುಡಿದು ಜಿನುಗತೊಡಗಿದ ಮೇಲೆ ಸೋಸುವ ಕೆಲಸ ನಿಂತಂತೆಯೇ. ಗುಂಡಿಯ ನೀರು ಜಲದ ಜೊತೆ ಸೇರಿ ನೇರ ಕೆಳಗಿನ ಬಾವಿಗೆ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಗುಂಡಿ ಎಂದೂ ತುಂಬಲಿಲ್ಲವಲ್ಲ ಎಂದು ನಾನು ಹೆಮ್ಮೆಪಡುತ್ತಿದ್ದೆ. ಅದು ಏಕೆ ತುಂಬಲಿಲ್ಲವೆಂದು ಆಮೇಲೆ ತಿಳಿಯಿತು.

ನೀರಿನ ಪ್ರಮಾಣವನ್ನೂ ನೋಡಿ. ಹೋಟೆಲಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರೆಂದು ಅದೇ ಮಾನಕ ಸಂಸ್ಥೆಯ ಲೆಕ್ಕವಿದೆ. ನಾಲ್ಕು ಕೋಣೆಗೆ ಹತ್ತು ಜನ ಬಂದರೆ 1,800 ಲೀಟರ್. ಇದರಲ್ಲಿ ಹೆಚ್ಚಿನ ಪಾಲು ಬಳಸಿದ ಮೇಲೆ ಹೊರಕ್ಕೇ ಬರುತ್ತದೆ. ನಮ್ಮ ಮನೆಯ ನಾಲ್ಕು ಮಂದಿಗೆಂದು ಅಂದಾಜು ಮಾಡಿದ ಗುಂಡಿಗೆ ಶನಿವಾರ, ಭಾನುವಾರ ಹದಿನಾಲ್ಕು ಮಂದಿಯ ನೀರು ಬಿದ್ದರೆ, ತೊಟ್ಟಿಯಲ್ಲಿ ಯಾವುದೂ ತಳಕ್ಕೆ ಕೂರುವಷ್ಟು ಹೊತ್ತು ನಿಲ್ಲುವುದಿಲ್ಲ.

ನಾನು ಮಾಡಿದ ಬದಲಾವಣೆ ದೊಡ್ಡದೇನೂ ಅಲ್ಲ. ಮೊದಲು ಬಚ್ಚಲ ನೀರನ್ನೂ ಶೌಚದ ನೀರನ್ನೂ ಬೇರೆ ಮಾಡಿದೆ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ಟೈಲ್ಸು ಹಾಕಿದ ಹೊಸ ಬಚ್ಚಲು ಬಂದಮೇಲೆ ನಾವದನ್ನು ಮರೆತೆವು. ಈಗ ಅತಿಥಿಗಳ ಸ್ನಾನದ ನೀರು ಜಲ್ಲಿ, ಮರಳು ತುಂಬಿದ ಸಣ್ಣ ತೊಟ್ಟಿ ದಾಟಿ ಇಪ್ಪತ್ತು ಬುಡ ಬಾಳೆಗೆ ಹೋಗುತ್ತದೆ. ಅಡಿಗೆಮನೆಯ ನೀರಿಗೆ ಜಿಡ್ಡು ತಡೆಯುವ ತೊಟ್ಟಿ ಬೇರೆ. ವಾರಕ್ಕೊಮ್ಮೆ ಜಿಡ್ಡು ತೆಗೆಯಲೇಬೇಕು, ಇಲ್ಲವಾದರೆ ನಾತ ತಡೆಯಲಾಗುವುದಿಲ್ಲ. ಶೌಚಕ್ಕೆ ಮನೆಯ ಮತ್ತೊಂದು ಬದಿಯಲ್ಲಿ ಎರಡು ಕೋಣೆಯ ಹೊಸ ತೊಟ್ಟಿ ಕಟ್ಟಿಸಿದೆ. ಅಲ್ಲಿಂದ ಯಾರ ಬಾವಿಗೂ 150 ಅಡಿಗೆ ಕಡಿಮೆಯಿಲ್ಲ. ಆಳವಾದ ಇಂಗುಗುಂಡಿಯ ಬದಲು ಆಳವಿಲ್ಲದ ಉದ್ದ ಚರಂಡಿ ತೋಡಿ, ಜಲ್ಲಿ ತುಂಬಿ, ತೂತು ಕೊರೆದ ಪೈಪು ಮಲಗಿಸಿದೆ. ಮೇಲಿನಿಂದ ಬರುವ ಮಳೆನೀರು ಅತ್ತ ಸುಳಿಯದಂತೆ ಇನ್ನೊಂದು ಚರಂಡಿ. ಎಲ್ಲ ಸೇರಿ ಎರಡು ಕ್ವಿಂಟಾಲು ಅಡಿಕೆಯ ಹಣ ಖರ್ಚಾಯಿತು. ಮೊದಲೇ ಹೀಗೆ ಮಾಡಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು.

ಇಷ್ಟಾದರೂ ಜುಲೈ, ಆಗಸ್ಟಿನಲ್ಲಿ ಎರಡು ಕೋಣೆಗೆ ಬೀಗ ಹಾಕುತ್ತೇನೆ. ಮಳೆ ನೋಡಲು ಬರುವವರು ಆಗಲೇ ಹೆಚ್ಚು, ಬಾಡಿಗೆಯೂ ಆಗಲೇ ಚೆನ್ನ. ಈ ವಿಷಯದಲ್ಲಿ ಮನೆಯವಳಿಗೂ ನನಗೂ ವಾದ ಇನ್ನೂ ಮುಗಿದಿಲ್ಲ.

ಕೆಲಸದವರ ಕೈಯ ಆಸಿಡ್ ಬಾಟಲಿ

ಕೋಣೆ ತೊಳೆಯಲು ಬರುವ ಹೆಂಗಸರಿಗೆ ನಾನು ಹೇಳಿಕೊಟ್ಟದ್ದು ಒಂದೇ: ಬೆಳ್ಳಗೆ ಹೊಳೆಯಬೇಕು. ಅದಕ್ಕೆ ಅವರು ದಿನಾ ಆಸಿಡ್, ಬ್ಲೀಚಿಂಗ್ ಪುಡಿ, ಫಿನಾಯಿಲ್ ಸುರಿಯುತ್ತಿದ್ದರು. ತೊಟ್ಟಿಯಲ್ಲಿ ನಮ್ಮ ಪರವಾಗಿ ಪುಕ್ಕಟೆ ದುಡಿಯುವ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಜೊತೆಗೆ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಉಸಿರೇ ಕಟ್ಟೀತು. ಇದನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಮೈಲುತುತ್ತ, ಸುಣ್ಣ ಬೆರೆಸುವಾಗ ಯಾವುದು ಮೊದಲು ಯಾವುದು ನಂತರವೆಂದು ಔಷಧಿ ಹೊಡೆಯುವವನಿಗೆ ಹತ್ತು ಸಲ ಹೇಳುವ ನಾವು, ಬಚ್ಚಲು ತೊಳೆಯುವವಳಿಗೆ ಒಂದು ಸಲವೂ ಹೇಳುವುದಿಲ್ಲ. ಈಗ ನಮ್ಮಲ್ಲಿ ಆಸಿಡ್ ಇಲ್ಲ. ಸೋಪಿನ ನೀರು, ಬ್ರಷ್ಷು, ಕಲೆ ಕೂತರೆ ವಿನೆಗರ್. ತೊಟ್ಟಿ ಹೇಗೆ ಕೆಲಸ ಮಾಡುತ್ತದೆಂದು ಮುಚ್ಚಳ ತೆಗೆದು ತೋರಿಸಿದ ದಿನದಿಂದ, ನಾನು ಹೇಳುವ ಮೊದಲೇ ಅವರೇ ಅತಿಥಿಗಳಿಗೆ “ಅದರಲ್ಲಿ ಪ್ಯಾಡ್ ಹಾಕಬೇಡಿ ಅಕ್ಕ, ಕಟ್ಟಿಕೊಳ್ತದೆ” ಎನ್ನುತ್ತಾರೆ.

ಕಾರ್ಡಿನ ಮಹಿಮೆ

ದೊಡ್ಡ ಹೋಟೆಲುಗಳ ಬಚ್ಚಲಿನಲ್ಲಿ ಒಂದು ಕಾರ್ಡು ಇರುವುದನ್ನು ಕೆಲವರು ನೋಡಿರಬಹುದು: ಪರಿಸರವನ್ನು ಉಳಿಸಿರಿ, ಟವೆಲನ್ನು ಇನ್ನೊಂದು ದಿನ ಬಳಸಿರಿ ಎಂದು. ಅಮೆರಿಕದ ಜೇ ವೆಸ್ಟರ್‌ವೆಲ್ಡ್ ಎಂಬವರು ಫಿಜಿ ದ್ವೀಪದ ಒಂದು ರೆಸಾರ್ಟಿನಲ್ಲಿ ಇಂಥ ಕಾರ್ಡು ನೋಡಿದರಂತೆ. ಹವಳದ ದಿಬ್ಬಗಳನ್ನು ಉಳಿಸಲು ಟವೆಲು ಉಳಿಸಿ ಎನ್ನುವ ಅದೇ ರೆಸಾರ್ಟು ಪಕ್ಕದಲ್ಲಿ ಹೊಸ ಹೊಸ ಬಂಗಲೆ ಎಬ್ಬಿಸುತ್ತಿತ್ತು. 1986ರಲ್ಲಿ ಬರೆದ ಲೇಖನದಲ್ಲಿ ಅವರು ಇದನ್ನು ‘ಗ್ರೀನ್‌ವಾಷಿಂಗ್’ ಎಂದು ಕರೆದರು. ಹಸಿರು ಸುಣ್ಣ ಬಳಿಯುವುದು ಎನ್ನೋಣ. ನಮ್ಮ ಊರುಗಳಲ್ಲೂ ‘ಇಕೋ’ ಎಂಬ ಎರಡಕ್ಷರ ಈಗ ಬೋರ್ಡು ಬರೆಯುವವನ ಬಾಯಿಪಾಠವಾಗಿದೆ. ಗುಡ್ಡ ಕಡಿದು ಮಟ್ಟ ಮಾಡಿ, ಕಾಂಕ್ರೀಟು ಸುರಿದು, ಅದಕ್ಕೊಂದು ಹುಲ್ಲಿನ ಮಾಡು ಹೊದಿಸಿದರೆ ಇಕೋ ಆಯಿತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ, ಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದನ್ನು ನಾವು ಮರೆಯಬಾರದಿತ್ತು.

ಆದರೂ ಕಾರ್ಡಿನಿಂದ ಪ್ರಯೋಜನವೇ ಇಲ್ಲವೆಂದು ಹೇಳುವಂತಿಲ್ಲ. ಏನು ಬರೆದಿದೆ ಎಂಬುದರ ಮೇಲೆ ಹೋಗುತ್ತದೆ. ಗೋಲ್ಡ್‌ಸ್ಟೀನ್, ಚಾಲ್ದೀನಿ, ಗ್ರಿಸ್ಕೆವಿಷಸ್ ಎಂಬ ಮೂವರು ಅಮೆರಿಕದ ಒಂದು ಹೋಟೆಲಿನಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಪರಿಸರ ಉಳಿಸಿರಿ ಎಂದಷ್ಟೇ ಬರೆದ ಕೋಣೆಗಳಲ್ಲಿ ನೂರಕ್ಕೆ 35ರಷ್ಟು ಅತಿಥಿಗಳು ಟವೆಲನ್ನು ಮತ್ತೆ ಬಳಸಿದರು. ಇಲ್ಲಿ ಉಳಿದ ಹೆಚ್ಚಿನ ಅತಿಥಿಗಳು ಟವೆಲನ್ನು ಮತ್ತೆ ಬಳಸುತ್ತಾರೆ ಎಂದು ಬರೆದ ಕಡೆ 44ರಷ್ಟು. ಇನ್ನೊಂದು ಪ್ರಯೋಗದಲ್ಲಿ, ಇದೇ ಕೋಣೆಯಲ್ಲಿ ಉಳಿದವರು ಹಾಗೆ ಮಾಡಿದ್ದಾರೆ ಎಂದು ಬರೆದಾಗ 49ಕ್ಕೆ ಏರಿತು. ಮನುಷ್ಯ ಪರಿಸರದ ಮಾತಿಗಿಂತ ಪಕ್ಕದವನ ನಡತೆಯನ್ನು ಹೆಚ್ಚು ನೋಡುತ್ತಾನೆ. ಒಬ್ಬ ಬೋರ್ಡೋ ಹೊಡೆದ ಎಂದು ಕೇಳಿದೊಡನೆ ಊರೆಲ್ಲ ಹಂಡೆ ಇಳಿಸುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ನಮ್ಮ ಮನೆಯಲ್ಲಿ ಕಾರ್ಡಿಲ್ಲ. ಅತಿಥಿಗಳನ್ನು ಬೆಳಿಗ್ಗೆ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ. ಮೊದಲು ಮೇಲಿನ ಕಾಡಂಚಿನ ಒರತೆ, ಅಲ್ಲಿಂದ ಪೈಪಿನ ದಾರಿಯಲ್ಲೇ ಇಳಿದು ನೀರಿನ ಟ್ಯಾಂಕು, ಕಾಫಿ, ಗೋಬರ್ ಗ್ಯಾಸು, ಬಾಳೆ, ಕೊನೆಗೆ ಆ ಶೌಚದ ತೊಟ್ಟಿಯ ಮುಚ್ಚಳ. ಮೊದಮೊದಲು ಇದನ್ನು ತೋರಿಸಲು ನಾಚಿಕೆಯಾಗುತ್ತಿತ್ತು. ಹಕ್ಕಿ ತೋರಿಸಬೇಕಾದಲ್ಲಿ ಕಕ್ಕಸು ತೋರಿಸುತ್ತೀರಲ್ಲ ಎಂದು ಮನೆಯವಳು ನಕ್ಕಳು. ಆದರೆ ಬೆಂಗಳೂರಿನಿಂದ ಬಂದವರು ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ, ಅಲ್ಲೇ ಹೆಚ್ಚು ಪ್ರಶ್ನೆ ಕೇಳುತ್ತಾರೆ. ಕೆಳಗಿನ ಬಾವಿಯ ಕಥೆಯನ್ನೂ ಹೇಳುತ್ತೇನೆ, ತಪ್ಪು ನನ್ನದೆಂದೇ ಹೇಳುತ್ತೇನೆ. ಏಪ್ರಿಲಿನಲ್ಲಿ ಒರತೆ ಕಿರುಬೆರಳಿನಷ್ಟೇ ಸುರಿಯುವುದನ್ನು ಕಣ್ಣಾರೆ ನೋಡಿದವರು ಮರುದಿನ ಟವೆಲು ಬದಲಿಸಲು ಕೇಳಿದ್ದು ನನಗೆ ನೆನಪಿಲ್ಲ.

ಈಜುಕೊಳ ಇದೆಯೇ ಎಂದು ಫೋನಿನಲ್ಲಿ ಕೇಳುವವರು ಬಹಳ. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ನಾಲ್ಕು ಅಡಿ ಆಳದ ಸಣ್ಣ ಕೊಳಕ್ಕೂ 51,000 ಲೀಟರ್ ನೀರು ಬೇಕು. ಹೂಮಳೆ ಬಾರದೆ ಸ್ಪ್ರಿಂಕ್ಲರಿಗೆ ನೀರು ಸಾಲದೆ ಒದ್ದಾಡುವ ಮಾರ್ಚಿಯಲ್ಲೇ ಅದನ್ನು ತುಂಬಿಸಬೇಕು. ಕೊಳವಿಲ್ಲವೆಂದು ಹೇಳಿದರೆ ಹತ್ತರಲ್ಲಿ ನಾಲ್ವರು ಫೋನು ಇಡುತ್ತಾರೆ. ಇಡಲಿ.

ತೋಟದ ಬಗ್ಗೆಯೂ ನಿಜ ಹೇಳುವುದು ಲೇಸು. ಅಡಿಕೆ ಗೊನೆಗೆ ನೀಲಿ ಔಷಧಿ ಹೊಡೆಯುವುದನ್ನು ನೋಡಿದವರು “ಇದು ಆರ್ಗ್ಯಾನಿಕ್ ಅಲ್ವಾ ಅಂಕಲ್?” ಎನ್ನುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂದು ಲೆಕ್ಕ ಹೇಳುತ್ತೇನೆ. ವರ್ಷ ವರ್ಷ ಹೊಡೆದರೆ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆಂಬುದನ್ನೂ, ಹೊಡೆಯದಿದ್ದರೆ ಕೊಳೆ ಬಂದು ಏನಾಗುತ್ತದೆಂಬುದನ್ನೂ ಹೇಳುತ್ತೇನೆ. ಡಿಸೆಂಬರಿನಿಂದ ಮೇ ತನಕ ಬಂದವರಿಗೆ ಕಾಡಿನ ತರಗೆಲೆಯಲ್ಲಿ ಕೂರಬಾರದೆಂದೂ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕೆಂದೂ ಮರೆಯದೆ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ; ಅದು ಉಣುಗಿನಿಂದ ಬರುವುದು. ಅತಿಥಿ ಹೆದರಿ ಹೋದಾನೆಂದು ಇದನ್ನು ಮುಚ್ಚಿಡುವವರಿದ್ದಾರೆ. ಅದು ಸರಿಯಲ್ಲ.

ಬಾಟಲಿ, ತಟ್ಟೆ, ಉಳಿದ ಅನ್ನ

ಉಳಿದ ಅನ್ನ ಹಿತ್ತಿಲಿಗೆ ಎಸೆದರೆ ಮಂಗ, ಕಾಡುಹಂದಿಗೆ ಆಮಂತ್ರಣ ಕೊಟ್ಟಂತೆ. ರುಚಿ ಕಂಡ ಮಂಗ ಏಲಕ್ಕಿ, ಬಾಳೆ ಯಾವುದನ್ನೂ ಬಿಡದು, ನಿಮ್ಮದು ಮುಗಿಸಿ ಪಕ್ಕದವನದಕ್ಕೆ ಹೋಗುತ್ತದೆ. ಅನ್ನ, ತರಕಾರಿ ಸಿಪ್ಪೆ ಗೋಬರ್ ಗ್ಯಾಸಿಗೆ ಹಾಕಿ. ಸಗಣಿಗಿಂತ ಹೆಚ್ಚು ಅನಿಲ ಕೊಡುತ್ತದೆ, ಒಮ್ಮೆಲೇ ಹೆಚ್ಚು ಹಾಕಿದರೆ ಮಾತ್ರ ತೊಟ್ಟಿ ಹುಳಿಯುತ್ತದೆ.

ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳಿಗೆ ಕರ್ನಾಟಕದಲ್ಲಿ 2016ರಿಂದಲೂ ದೇಶದಲ್ಲೆಲ್ಲ 2022ರ ಜುಲೈ 1ರಿಂದಲೂ ನಿಷೇಧವಿದೆ. ನೀರಿನ ಬಾಟಲಿ ಆ ಪಟ್ಟಿಯಲ್ಲಿ ಸೇರಿಲ್ಲವಾದ್ದರಿಂದ ನಮ್ಮ ಹಳ್ಳಗಳಲ್ಲಿ ತೇಲುವುದು ಅದೇ. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2019ರಲ್ಲಿ ಸಣ್ಣ ಬಾಟಲಿಗಳನ್ನೂ ನಿಲ್ಲಿಸಿ, ನೀರು ತುಂಬಿಸಿಕೊಳ್ಳುವ ಯಂತ್ರಗಳನ್ನು ಇಟ್ಟರು. ನಮ್ಮ ಮನೆಯಲ್ಲಿ ಕುದಿಸಿದ ನೀರು ತಾಮ್ರದ ಹಂಡೆಯಲ್ಲಿರುತ್ತದೆ, ಬೇಕಾದಷ್ಟು ತುಂಬಿಸಿಕೊಳ್ಳಬಹುದು. ಬಾಟಲಿ ತಂದವರು ವಾಪಸು ಒಯ್ಯಬೇಕೆಂದು ಮೊದಲೇ ಹೇಳಿಬಿಡುತ್ತೇನೆ. ಮುಖ ಗಂಟಿಕ್ಕಿದವರು ಬೆರಳೆಣಿಕೆಯಷ್ಟು. ಹಿತ್ತಿಲಲ್ಲಿ ಸುಡುವ ಅಭ್ಯಾಸ ಮಾತ್ರ ಯಾರಿಗೂ ಬೇಡ.

ಹಾಳೆ ತಟ್ಟೆಯ ಬಗ್ಗೆ ಒಂದು ಮಾತು. ಅದು ನಮ್ಮದೇ ತೋಟದ ಹಾಳೆ, ನಮ್ಮವರದೇ ಕಸುಬು, ಬಿಸಾಡಿದರೆ ಮಣ್ಣಾಗುತ್ತದೆ. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರು ಅಡಿಕೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದೆಂದು ಹೇಳಿ ತಮ್ಮಲ್ಲಿ ಇಂಥ ತಟ್ಟೆಯ ಬಳಕೆಗೆ ಅಡ್ಡಿ ಮಾಡಿದ್ದಾರೆ. ಇದನ್ನು ನಮ್ಮಲ್ಲಿ ಹಲವರು ಒಪ್ಪುವುದಿಲ್ಲ. ಆ ವಾದ ಏನೇ ಇರಲಿ, ಹತ್ತು ಜನರ ಊಟಕ್ಕೆ ಸ್ಟೀಲ್ ತಟ್ಟೆ, ಬಾಳೆ ಎಲೆ ಇರುವಾಗ ಬಿಸಾಡುವ ತಟ್ಟೆ ಯಾವುದೂ ಏಕೆ?

ಸಂಘದಿಂದ ಆಗಬೇಕಾದದ್ದು

ನಾವಾಗಿ ಮಿತಿ ಹಾಕಿಕೊಳ್ಳದಿದ್ದರೆ ಬೇರೆಯವರು ಹಾಕುತ್ತಾರೆ. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲಿಗೆ ಹೋಗುವ ವಾಹನಗಳಿಗೆ ಇ-ಪಾಸು ಬಂತು. ನಮ್ಮ ಮುಳ್ಳಯ್ಯನಗಿರಿಗೂ 2025ರಲ್ಲಿ ಮುಂಗಡ ನೋಂದಣಿಯ ಪದ್ಧತಿ ತಂದರು. ಕೇರಳದ ಕುಮರಕಮ್‌ನಲ್ಲಿ ಬೇರೆ ದಾರಿ ಹಿಡಿದರು: ಅಲ್ಲಿ 2008ರಿಂದ ‘ಜವಾಬ್ದಾರಿಯ ಪ್ರವಾಸೋದ್ಯಮ’ ಎಂಬ ಹೆಸರಿನಲ್ಲಿ ಪಂಚಾಯತಿ, ಹೋಟೆಲುಗಳು, ಕುಡುಂಬಶ್ರೀ ಹೆಂಗಸರ ಗುಂಪುಗಳು ಒಟ್ಟಿಗೆ ಕೂತು, ಹೋಟೆಲಿಗೆ ಬೇಕಾದ ತರಕಾರಿ ಮುಂತಾದವನ್ನು ಊರಿನಲ್ಲೇ ಬೆಳೆದು ಕೊಡುವ ವ್ಯವಸ್ಥೆ ಮಾಡಿಕೊಂಡರು. ಒಬ್ಬೊಬ್ಬರಿಂದ ಆಗದ್ದು ಕೂಡಿ ಮಾಡಿದಾಗ ಆಯಿತು. ನಾವು ಸಹಕಾರಿಗಳು, ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ಸಲಹೆ ಚಿಕ್ಕದು. ತೊಟ್ಟಿಯ ಬಗ್ಗಡವನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ಪೇಟೆಯಿಂದ ಒಂದು ಮನೆಗೆಂದು ಆ ಲಾರಿ ಬರಲು ಒಪ್ಪುವುದಿಲ್ಲ, ಬಂದರೂ ಬಾಡಿಗೆ ವಿಪರೀತ. ತೆಗೆದದ್ದನ್ನು ಎಲ್ಲಿ ಸುರಿಯುತ್ತಾರೆಂದು ಕೇಳಿದರೆ ಉತ್ತರವಿಲ್ಲ. ಹತ್ತು ಹದಿನೈದು ಮನೆಯವರು ಸೇರಿ ಸಂಘದ ಮೂಲಕ ಒಂದೇ ವಾರ ಗೊತ್ತು ಮಾಡಿದರೆ ಬಾಡಿಗೆಯೂ ಇಳಿಯುತ್ತದೆ, ಎಲ್ಲಿ ಸುರಿಯಬೇಕೆಂಬ ಷರತ್ತನ್ನೂ ಹಾಕಬಹುದು. ಇದನ್ನು ಮುಂದಿನ ಸಭೆಯಲ್ಲಿ ಪ್ರಸ್ತಾಪಿಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ.

ಕೆಳಗಿನ ಬಾವಿಯ ನೀರನ್ನು ಹಳೆಯ ಗುಂಡಿ ಮುಚ್ಚಿದ ಮೇಲೆ ಪ್ರತಿ ಮಳೆಗಾಲದಲ್ಲೂ ಸೀಸೆಯಲ್ಲಿ ಪರೀಕ್ಷಿಸುತ್ತಿದ್ದೇವೆ. ಕಳೆದೆರಡು ಮಳೆಗಾಲದಿಂದ ಕಪ್ಪಾಗಿಲ್ಲ. ಆದರೂ ಅವರ ಮನೆಯವರು ಕುಡಿಯುವ ನೀರನ್ನು ಮಾತ್ರ ಬೇರೆ ಕಡೆಯಿಂದ ತರುತ್ತಾರೆ. ತನ್ನಿ ಎಂದು ನಾನು ಹೇಳಿಲ್ಲ, ಬೇಡ ಎಂದು ಹೇಳುವ ಬಾಯಿ ನನಗಿಲ್ಲ.

ತೊಟ್ಟಿ ಮತ್ತು ಚರಂಡಿಯ ನಕ್ಷೆಯ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಕೊಟ್ಟಿದ್ದೇನೆ. ಬೇಕಾದ ಸದಸ್ಯರು ಪಡೆಯಬಹುದು. ಕಣ್ಣಾರೆ ನೋಡಬೇಕೆನ್ನುವವರು ಮೇ ತಿಂಗಳೊಳಗೆ ಬಂದರೆ ಒಳ್ಳೆಯದು, ಜೂನ್ ಬಂದರೆ ಅತ್ತ ಕಾಲಿಡಲಾಗುವುದಿಲ್ಲ, ಜಿಗಣೆ.